ಬಗ್ಗಿ ಮುಟ್ಟಿದ್ದಕ್ಕೆ ಪೆನಾಲ್ಟಿ

ಚರ್ಚಾ ಸ್ಪರ್ಧೆಯಲ್ಲಿ ಚೀಟಿ ಎತ್ತಿದ ಮೇಲೆ ಪರವೋ ವಿರೋಧವೋ, ಬಂದದ್ದನ್ನು ಒಪ್ಪಿಕೊಂಡು ಮಾತಾಡಬೇಕು. ವಿಷಯ ಹಿಡಿಸದಿದ್ದರೂ ವೇದಿಕೆ ಇಳಿಯುವವರೆಗೆ ಬಿಟ್ಟುಕೊಡುವಂತಿಲ್ಲ. ಕೂಡ್ಲಿಗಿಯ ಫುಟ್‌ಬಾಲ್ ತಂಡ ನನ್ನ ಪಾಲಿಗೆ ಬಂದದ್ದು ಹಾಗೆಯೇ. ಹುಟ್ಟಿದ್ದು ಆ ಊರಿನಲ್ಲಿ, ಮನೆ ಇರುವುದು ಮೈದಾನದ ಬೆನ್ನಿಗೆ, ಗುರಿ ತಪ್ಪಿದ ಚೆಂಡು ಬಂದು ಬೀಳುವುದು ನಮ್ಮ ಕುರಿದೊಡ್ಡಿಯಲ್ಲಿ. ಬೇರೆ ತಂಡವನ್ನು ಆರಿಸಿಕೊಳ್ಳುತ್ತೀಯಾ ಎಂದು ಯಾರೂ ನನ್ನನ್ನು ಕೇಳಲಿಲ್ಲ.

ಕೇಳಿದ್ದರೆ ಖಂಡಿತ ಇದನ್ನು ಆರಿಸಿಕೊಳ್ಳುತ್ತಿರಲಿಲ್ಲ. ನಮ್ಮ ಗೋಲ್‌ಕೀಪರ್‌ಗೆ ಗೋಲಿನ ಗೆರೆ ಬಿಟ್ಟು ಒಂದು ಹೆಜ್ಜೆ ಮುಂದೆ ಬರಲು ಮನಸ್ಸಿಲ್ಲ. ಯಾರೋ ಬಂದು ಆ ಜಾಗದಲ್ಲಿ ಟವೆಲ್ ಹಾಸಿ ಸೀಟು ಹಿಡಿದುಬಿಡುತ್ತಾರೆ ಎಂಬ ಭಯ ಅವನಿಗಿರಬೇಕು. ಸೆಂಟರ್ ಫಾರ್ವರ್ಡ್ ಪಾಸ್ ಕೊಡುವುದಿಲ್ಲ. ಯಾಕೆ ಕೊಡಲಿಲ್ಲ ಎಂದರೆ "ನೀವು ಕಾಣಲಿಲ್ಲ" ಅನ್ನುತ್ತಾನೆ, ಎಡಕ್ಕೂ ಬಲಕ್ಕೂ ಇಬ್ಬರು ಕೈ ಎತ್ತಿಕೊಂಡು ಅವನ ಹೆಸರು ಕೂಗುತ್ತಿದ್ದರೂ. ಇನ್ನು ಪಂದ್ಯಕ್ಕೆ ಮೊದಲು ಗೋಲಿನ ಕಂಬಕ್ಕೆ ನಿಂಬೆಹಣ್ಣು ಕಟ್ಟುವ ಪದ್ಧತಿ. ಅರ್ಧ ಆಟ ಮುಗಿದ ಮೇಲೆ ಎರಡೂ ತಂಡ ಜಾಗ ಬದಲಿಸುತ್ತವೆ, ಆಗ ನಮ್ಮ ನಿಂಬೆಹಣ್ಣು ಯಾರ ಗೋಲನ್ನು ಕಾಯುತ್ತದೆ ಎಂದು ಒಮ್ಮೆ ಕೇಳಿದೆ. ಅಂದಿನಿಂದ ಮೈದಾನದಲ್ಲಿ ನನಗೆ "ಡಿಬೇಟಕ್ಕ" ಎಂದು ಹೆಸರು ಬಿತ್ತು.

ಈ ಹೆಸರಿಗೆ ನನ್ನ ಅಭ್ಯಂತರವಿಲ್ಲ. ಆಟ ನೋಡಲು ಗೆರೆಯ ಹೊರಗೆ ನಿಲ್ಲುವ ಹೆಣ್ಣುಮಕ್ಕಳಲ್ಲಿ ನಾನೊಬ್ಬಳೇ ಆಗಿದ್ದಾಗ ಇದಕ್ಕಿಂತ ಕೆಟ್ಟ ಮಾತು ಕೇಳಿದ್ದೇನೆ.

ಈ ತಂಡದಲ್ಲಿ ನಾನು ಸಂಶಯವಿಲ್ಲದೆ ನಂಬುತ್ತಿದ್ದದ್ದು ಒಬ್ಬನನ್ನು. ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ತಂಡಕ್ಕೆ ಸ್ಟಾಪರ್. ಗೋಲಿನ ಮುಂದೆ ಕೊನೆಯ ಅಡ್ಡಗೋಡೆಯಾಗಿ ನಿಲ್ಲುವವನು. ದಿನವಿಡೀ ಕುರಿಗಳ ಹಿಂದೆ ಕಲ್ಲು ಮುಳ್ಳು ತುಳಿದು ಗಟ್ಟಿಯಾದ ಕಾಲು. ಮಾತು ಕಡಿಮೆ. ಹಗಲೆಲ್ಲಾ ಒಬ್ಬನೇ ತಿರುಗುವವನಿಗೆ ನಾಲ್ಕು ಜನರ ಜೊತೆ ಓಡಾಡಿ, ಬೈಸಿಕೊಂಡು, ನಕ್ಕು ಬರುವ ಹೊತ್ತು ಅಂದರೆ ಸಂಜೆಯ ಆ ಮೈದಾನ ಮಾತ್ರ. ಕುರಿಗಳನ್ನು ದೊಡ್ಡಿಗೆ ಕೂಡಿ ಬೂಟು ಹಾಕಿಕೊಳ್ಳುವಾಗ ಅವನ ಮುಖ ಬೇರೆಯಾಗುತ್ತಿತ್ತು.

ಅವನಲ್ಲಿ ಒಂದೇ ಒಂದು ತೊಡಕು. ಯಾರಿಗಾದರೂ ಕಾಲು ತಾಗಿದರೆ ಬಗ್ಗಿ ಅವರನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮಲ್ಲಿ ಎಲ್ಲರಿಗೂ ಚಿಕ್ಕಂದಿನಿಂದ ಬಂದ ಅಭ್ಯಾಸ. ಪುಸ್ತಕಕ್ಕೆ ತಾಗಿದರೂ ಮುಟ್ಟುತ್ತೇವೆ, ಕಸಬರಿಗೆಗೆ ತಾಗಿದರೂ ಮುಟ್ಟುತ್ತೇವೆ. ಆದರೆ ಮೈದಾನದ ಸುಣ್ಣದ ಗೆರೆ ದಾಟಿದ ಕೂಡಲೇ ಉಳಿದವರೆಲ್ಲ ಅದನ್ನು ಮರೆಯುತ್ತಾರೆ. ಇವನೊಬ್ಬ ಮರೆಯುವುದಿಲ್ಲ. ಕುರಿಮರಿಗೆ ಕಾಲು ತಾಗಿದರೂ ಮುಟ್ಟುವವನು, ಎದುರು ತಂಡದ ಫಾರ್ವರ್ಡ್‌ನನ್ನು ಬಿಡುತ್ತಾನೆಯೇ? ಚೆಂಡು ಕಿತ್ತುಕೊಂಡು, ಒದ್ದು ದೂರ ಕಳಿಸಿ, ಆಮೇಲೆ ಬಗ್ಗಿ ಅವನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅಭ್ಯಾಸದ ಪಂದ್ಯಗಳಲ್ಲಿ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹರಪನಹಳ್ಳಿಯಲ್ಲಿ ಆ ನಗು ನಿಂತಿತು.

ನಮ್ಮ ಐದು ಊರುಗಳು, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಒಂದಕ್ಕೊಂದು ಆಡುವ ಪಂದ್ಯಗಳಿವು. ಯಾವ ಊರಿನಲ್ಲಿ ಆಟವೋ ಆ ಊರಿನವರು ಸುಣ್ಣದ ಗೆರೆ ಹಾಕಬೇಕು, ಕುಡಿಯುವ ನೀರು ಇಡಬೇಕು, ರೆಫ್ರಿಯನ್ನು ಕೊಡಬೇಕು. ನೀರು ಮತ್ತು ಸುಣ್ಣದ ಬಗ್ಗೆ ನನಗೆ ದೂರಿಲ್ಲ. ಆದರೆ ಮನೆಯವರೇ ನ್ಯಾಯ ಹೇಳುವ ಪಂಚಾಯ್ತಿಗೆ ಅತಿಥಿಯಾಗಿ ಹೋಗುವುದು ಯಾವ ತರ್ಕ? ಇದನ್ನೂ ಕೇಳಿದ್ದೆ. "ಅವ್ರು ನಮ್ಮೂರಿಗೆ ಬಂದಾಗ ನಾವೂ ಹಂಗ ಮಾಡ್ತೀವಲ್ಲ" ಎಂದು ನಮ್ಮ ಕ್ಯಾಪ್ಟನ್ ಸಮಾಧಾನದಿಂದ ಹೇಳಿದ. ಬಸ್ ನಿಲ್ದಾಣದ ಎದುರು ಮೊಬೈಲ್ ಅಂಗಡಿ ಇಟ್ಟುಕೊಂಡವನು. ಎಲ್ಲಕ್ಕೂ ಅವನ ಬಳಿ ಒಂದು ಎಕ್ಸ್‌ಚೇಂಜ್ ಆಫರ್ ಇರುತ್ತದೆ.

ಅಂದು ಯಾರೂ ಗೋಲು ಹೊಡೆದಿರಲಿಲ್ಲ. ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಹರಪನಹಳ್ಳಿಯ ಫಾರ್ವರ್ಡ್ ನಮ್ಮ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನೊಳಗೆ ನುಗ್ಗಿದ. ಅಣ್ಣ ಅಡ್ಡ ಬಂದು ಚೆಂಡನ್ನು ಸ್ವಚ್ಛವಾಗಿ ಹೊರಗೆ ತಳ್ಳಿದ. ನಾನು ಗೋಲಿನ ಪಕ್ಕದ ಗೆರೆಯಲ್ಲೇ ನಿಂತಿದ್ದೆ, ಚೆಂಡು ಮೊದಲು ಹೋದದ್ದನ್ನು ಕಣ್ಣಾರೆ ಕಂಡೆ. ಆಮೇಲೆ ಓಟದ ರಭಸಕ್ಕೆ ಇಬ್ಬರ ಕಾಲು ಸವರಿಕೊಂಡವು, ಫಾರ್ವರ್ಡ್ ಬಿದ್ದ. ಅಣ್ಣ ತಕ್ಷಣ ನಿಂತು, ಬಗ್ಗಿ, ಬಿದ್ದವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.

ಆಗ ಬಂತು ಸೀಟಿ. ರೆಫ್ರಿ ದೂರದಿಂದ ಓಡಿ ಬಂದು ಪೆನಾಲ್ಟಿ ಎಂದು ಕೈ ತೋರಿಸಿದರು. ನಮ್ಮವರು ಮುತ್ತಿಕೊಂಡರು, ಕೂಗಾಡಿದರು. ಹರಪನಹಳ್ಳಿಯವರು ಪೆನಾಲ್ಟಿ ಹೊಡೆದರು. ನಮ್ಮ ಗೋಲ್‌ಕೀಪರ್ ತನ್ನ ಸೀಟಿನಲ್ಲೇ ಇದ್ದ. ಸೋತೆವು.

ರೆಫ್ರಿ ಕುರ್ಚಿಯಲ್ಲಿ ಕೂತು ಬೂಟಿನ ಲೇಸು ಬಿಚ್ಚುವಾಗ ನಾನು ಎದುರು ಹೋಗಿ ನಿಂತೆ. ನಿವೃತ್ತ ಪಿ.ಟಿ. ಮೇಷ್ಟ್ರು, ತಲೆಗೆ ಬಿಳಿ ಟೋಪಿ, ಸಿಟ್ಟಿಲ್ಲದ ಮುಖ.

"ಸರ್, ಒಂದು ಮಾತು ಕೇಳ್ಬಹುದಾ?"

"ಕೇಳಮ್ಮಾ. ಡಿಸಿಷನ್ ಮಾತ್ರ ಚೇಂಜ್ ಆಗಲ್ಲ."

"ಬ್ಯಾಡ ಸರ್, ಆಗೋದು ಬ್ಯಾಡ. ಬಾಲಿಗೆ ಮೊದ್ಲು ಕಾಲು ತಾಗ್ತೋ, ಹುಡುಗಗ ಮೊದ್ಲು ತಾಗ್ತೋ? ನೀವು ನೋಡಿದ್ರಾ?"

ಅವರು ಲೇಸು ಬಿಟ್ಟು ನನ್ನನ್ನು ನೋಡಿದರು. "ಅಡ್ಡ ಜನ ಇದ್ರು ಕಣಮ್ಮ. ಬಾಲ್ ಸರಿಯಾಗಿ ಕಾಣ್ಲಿಲ್ಲ."

"ಮತ್ತ ಪೆನಾಲ್ಟಿ ಹೆಂಗ ಕೊಟ್ರಿ?"

"ಹೆಂಗೆ ಅಂದ್ರೆ? ನಿಮ್ಮ ಹುಡುಗನೇ ಒಪ್ಕಂಡ್ನಲ್ಲ! ಕಾಲಿಗೆ ಬಿದ್ದು ತಪ್ಪಾಯ್ತು ಅಂದ. ತಪ್ಪು ಮಾಡಿದವನೇ ಒಪ್ಕಂಡ್ ಮೇಲೆ ನಾನು ಬೇರೆ ಏನ್ ನೋಡ್ಲಿ?"

"ಸರ್, ಬಸ್ಸಿನಾಗ ನಿಮ್ಮ ಕಾಲು ಯಾರಿಗಾರ ತಾಗಿದ್ರ ಮುಟ್ಟತೀರಿ ಇಲ್ರಿ?"

"ಮುಟ್ತೀನಿ."

"ಅಂದ್ರ ನೀವು ಅವ್ರನ್ನ ಒದ್ದೀರಿ ಅಂತ ಒಪ್ಕಂಡಂಗಾ?"

ಸುತ್ತ ನಿಂತ ಹರಪನಹಳ್ಳಿಯ ಹುಡುಗರು ನಕ್ಕರು. ರೆಫ್ರಿಯೂ ನಕ್ಕರು. "ಮಾತು ಚೆನ್ನಾಗಿ ಆಡ್ತೀಯಮ್ಮ. ವಕೀಲಿ ಓದು" ಎಂದು ಲೇಸಿನ ಕಡೆ ತಿರುಗಿದರು. ಯಾರೋ ಮೊಬೈಲಿನಲ್ಲಿ ತೆಗೆದ ವೀಡಿಯೋ ಇದೆ ಎಂದು ತಿಳಿದು ಅದನ್ನೂ ಹುಡುಕಿ ನೋಡಿದೆ. ಅದರಲ್ಲಿ ಇದ್ದದ್ದು ರೆಫ್ರಿಯ ಬೆನ್ನು ಮಾತ್ರ.

ವಾದ ನನ್ನದು ಸರಿ ಇತ್ತು, ಆಟ ಅವರದಾಗಿತ್ತು. ಇಷ್ಟೇ ಆಗಿದ್ದರೆ ಒಂದು ವಾರ ರೇಗಾಡಿ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಹಿಂತಿರುಗುವ ಟೆಂಪೋದಲ್ಲಿ ಕ್ಯಾಪ್ಟನ್ ಅಣ್ಣನ ಕಡೆ ತಿರುಗಿದ.

"ಲೇ, ಕೊಟ್ಟೂರ ಮ್ಯಾಚಿಗೆ ನೀ ಬರಬ್ಯಾಡ."

ಅಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದ.

"ಅದೇನು ಮುಟ್ಟೋದು ಐತಲ್ಲ, ಅದನ್ನ ಬಿಡೂತನಕ ಟೀಮಿನಾಗ ಜಾಗಾ ಇಲ್ಲ. ನಾನೊಬ್ಬನ ಹೇಳೋದಲ್ಲ, ಎಲ್ಲಾರೂ ಹೇಳಾಕ ಹತ್ತ್ಯಾರ."

"ಆತು" ಎಂದ ಅಣ್ಣ. ಅಷ್ಟೇ. ಬೂಟು ಬಿಚ್ಚಿ, ಮಣ್ಣು ಕೊಡವಿ ಚೀಲಕ್ಕೆ ಹಾಕಿದ. ಆ 'ಆತು' ನನ್ನನ್ನು ಕೆರಳಿಸಿತು. ಪಾಸ್ ಕೊಡದ ಫಾರ್ವರ್ಡ್‌ಗೆ ಜಾಗ ಇದೆ, ಕದಲದ ಗೋಲ್‌ಕೀಪರ್‌ಗೆ ಜಾಗ ಇದೆ, ಇಡೀ ಪಂದ್ಯದಲ್ಲಿ ತನ್ನ ಕೆಲಸ ಮಾಡಿದ ಒಬ್ಬನಿಗೆ ಇಲ್ಲ! ಅವನನ್ನು ಕೊಟ್ಟೂರಿನಲ್ಲಿ ಆಡಿಸದೆ ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ಮೊದಲು ಸುಲಭವಾಗಿ ಕಂಡ ದಾರಿ ಹಿಡಿದೆ. ಅಭ್ಯಾಸ ತಾನೇ, ಬಿಡಿಸಿದರಾಯಿತು. ಮರುದಿನ ಸಂಜೆಯಿಂದ ಅವನನ್ನು ಎಳೆದುಕೊಂಡು ಹೋಗಿ, ಓಣಿಯ ಹುಡುಗರನ್ನು ಎದುರು ಓಡಿಸಿ, ಅವನು ಚೆಂಡು ಕಿತ್ತ ಕೂಡಲೇ "ಕೈ!" ಎಂದು ಕೂಗುತ್ತಿದ್ದೆ. ಅವನ ಕೈ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಮುಖದಲ್ಲಿ ಸೀನು ತಡೆದುಕೊಂಡವನ ಸಂಕಟ. ಮುಂದಿನ ಸಲ ಚೆಂಡಿನ ಹತ್ತಿರವೇ ಹೋಗಲಿಲ್ಲ.

"ಯಾಕ ಹೋಗ್ಲಿಲ್ಲ?"

"ಹೋದ್ರ ತಾಗತೈತಿ. ತಾಗಿದ್ರ ಮುಟ್ಟಬೇಕು. ನೀ ಮುಟ್ಟಬ್ಯಾಡ ಅಂತಿ. ಅದ್ಕ ಹೋಗ್ಲಿಲ್ಲ."

ತರ್ಕದಲ್ಲಿ ಎಲ್ಲೂ ಬಿರುಕಿಲ್ಲ. ಇಂಥ ಸ್ಟಾಪರ್‌ನನ್ನು ಕಟ್ಟಿಕೊಂಡು ಏನು ಮಾಡುವುದು? ಅಷ್ಟರಲ್ಲಿ ಅವನ ತಾಯಿ, ನಮ್ಮ ದೊಡ್ಡವ್ವ, ದೊಡ್ಡಿಯ ಗೋಡೆಯ ಆಚೆಯಿಂದ ಇಣುಕಿದಳು.

"ಏನವ್ವಾ, ಕಾಲು ತಾಗಿದ್ರ ಮುಟ್ಟಬ್ಯಾಡ ಅಂತ ಕಲಸಾಕ ಹತ್ತೀಯೇನು? ಕಾಲೇಜಿನಾಗ ಇದನ್ನ ಹೇಳಿಕೊಟ್ರಾ?"

"ದೊಡ್ಡವ್ವಾ, ಇದು ಆಟ."

"ಆಟದಾಗ ಆದ್ರೂ ಕಾಲು ಕಾಲೇ ಅಲ್ಲೇನು?"

ನಾನು ದೇವರು ದಿಂಡರು ಎಂದು ಕೈ ಮುಗಿಯುವವಳಲ್ಲ. ಈ ಮುಟ್ಟುವುದರಲ್ಲೂ ಪುಣ್ಯಪಾಪ ಇದೆ ಎಂದು ನಂಬುವುದಿಲ್ಲ. ಆದರೆ ಅಂದು ರಾಗಿಮುದ್ದೆ ಮುರಿಯುತ್ತಾ ಕೂತಾಗ ನಾನು ತಪ್ಪು ಪಕ್ಷದಿಂದ ಮಾತಾಡುತ್ತಿದ್ದೇನೆ ಎಂದು ಹೊಳೆಯಿತು. ಹರಪನಹಳ್ಳಿಯಲ್ಲಿ ನಾನು ಹೇಳಿದ್ದೇನು? ಮುಟ್ಟಿದ್ದು ಸಾಕ್ಷಿಯಲ್ಲ, ರೆಫ್ರಿ ಅದನ್ನು ಸಾಕ್ಷಿ ಎಂದುಕೊಂಡದ್ದು ತಪ್ಪು. ಊರಿಗೆ ಬಂದು ಮಾಡಿದ್ದೇನು? ಆ ರೆಫ್ರಿಯ ತಪ್ಪಿಗೆ ತಕ್ಕಂತೆ ಅಣ್ಣನನ್ನು ತಿದ್ದಲು ಹೊರಟಿದ್ದೆ. ತಿದ್ದಬೇಕಾದ್ದು ನೋಡುವವರ ಕಣ್ಣನ್ನು.

ಕ್ಯಾಪ್ಟನ್‌ನ ಅಂಗಡಿಗೆ ಹೋದೆ. ಅವನು ಯಾರದೋ ಮೊಬೈಲಿನ ಗಾಜಿಗೆ ಗುಳ್ಳೆ ಬರದಂತೆ ಸ್ಟಿಕ್ಕರ್ ಅಂಟಿಸುತ್ತಿದ್ದ.

"ಅಣ್ಣಾರ, ಕೊಟ್ಟೂರ ರೆಫ್ರಿ ಮ್ಯಾಚಿಗಿಂತ ಮುಂಚೆ, 'ಅವ ಮುಟ್ಟಿದ್ದನ್ನ ನಾನು ಲೆಕ್ಕಕ್ಕ ಹಿಡಿಯಂಗಿಲ್ಲ' ಅಂತ ಒಪ್ಕಂಡ್ರ ಆಡಸ್ತೀರಾ?"

"ರೆಫ್ರಿ ಯಾಕ ಒಪ್ಕಂತಾನ?"

"ಅದು ನನ್ನ ಕೆಲಸ. ಆಡಸ್ತೀರೋ ಇಲ್ಲೋ ಹೇಳ್ರಿ."

ಅವನು ಸ್ಟಿಕ್ಕರಿನ ಕೊನೆಯ ಗುಳ್ಳೆಯನ್ನು ಹೆಬ್ಬೆರಳಿನಿಂದ ಹೊರಗೆ ತಳ್ಳಿದ. "ಒಪ್ಪಿಸು, ಆಡಸ್ತೀನಿ. ಒಪ್ಪಲಿಲ್ಲಾಂದ್ರ ಅವ ಹೊರಗ ಕುಂದರಬೇಕು, ನೀನೂ ಗದ್ಲ ಮಾಡಂಗಿಲ್ಲ."

"ಮಾಡಂಗಿಲ್ಲ" ಎಂದೆ.

ಪಂದ್ಯದ ದಿನ ಅಣ್ಣನನ್ನು ಟೆಂಪೋ ಹತ್ತಿಸುವುದು ಇನ್ನೂ ಕಷ್ಟವಾಯಿತು. "ನನ್ನ ಸಲುವಾಗಿ ಎಲ್ಲಾರೂ ಸೋಲೋದು ಬ್ಯಾಡ ತಂಗೀ" ಅಂದ. "ನೀ ಮಾತಾಡಬ್ಯಾಡ, ಬೂಟು ತಗೋ" ಅಂದೆ.

ಕೊಟ್ಟೂರಿನ ರೆಫ್ರಿ ಹೈಸ್ಕೂಲಿನ ಪಿ.ಟಿ. ಮಾಸ್ತರರು. ಸುಣ್ಣದ ಗೆರೆ ಸೊಟ್ಟವಾಗಿದೆ ಎಂದು ತಮ್ಮೂರಿನ ಹುಡುಗರಿಗೇ ಬೈಯುತ್ತಿದ್ದರು. ಅದು ನನಗೆ ಒಳ್ಳೆಯ ಸೂಚನೆಯಾಗಿ ಕಂಡಿತು. ನಾನೂ ಕ್ಯಾಪ್ಟನ್ನೂ ಹೋಗಿ ವಿಷಯ ಹೇಳಿದೆವು. ಹರಪನಹಳ್ಳಿಯ ಕಥೆ ಕೇಳಿ ಅವರು ನಗಲಿಲ್ಲ. ಒಂದು ಪ್ರಶ್ನೆ ಕೇಳಿದರು.

"ನಿಮ್ಮಣ್ಣ ತಪ್ಪು ಮಾಡಿದಾಗಷ್ಟ ಮುಟ್ಟತಾನೋ, ಯಾವಾಗ ತಾಗಿದ್ರೂ ಮುಟ್ಟತಾನೋ?"

ನಿರ್ಣಾಯಕರು ಇಂಥವರು ಸಿಕ್ಕರೆ ಸೋತರೂ ಬೇಸರವಿಲ್ಲ. "ಯಾವಾಗ ತಾಗಿದ್ರೂ ಸರ್. ತಪ್ಪು ಯಾರದಾದ್ರೂ."

"ನೀ ಅಂತಿ. ನಾ ಹೆಂಗ ನಂಬ್ಲಿ?"

ಅಣ್ಣ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಮಾಸ್ತರರು ಅವನ ಪಕ್ಕ ಹಾದು ಹೋಗುವವರಂತೆ ನಡೆದು, ಬೇಕೆಂದೇ ತಮ್ಮ ಬೂಟನ್ನು ಅವನ ಕಾಲಿಗೆ ತಾಗಿಸಿದರು. ಅಣ್ಣ ಥಟ್ಟನೆ ಬಗ್ಗಿ ಅವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಅದೇ ಕ್ಷಣಕ್ಕೆ ಮಾಸ್ತರರ ಕೈಯೂ ಅವನ ಭುಜ ಮುಟ್ಟಿ ತಮ್ಮ ಎದೆಗೆ ಹೋಗಿತ್ತು. ಅವರು ತಮ್ಮ ಕೈಯನ್ನೇ ನೋಡಿಕೊಂಡರು.

"ತಾಗಿಸಿದಾವ ನಾನು, ಬಗ್ಗಿದಾವ ಅವ" ಎಂದು ಈಗ ನಕ್ಕರು. "ಆತವ್ವಾ. ನಾ ಬಾಲ್ ನೋಡ್ತೀನಿ, ಅವನ ಕೈ ನೋಡಂಗಿಲ್ಲ. ಆದ್ರ ಒಂದು ಮಾತು. ಕಾಲಿಗೆ ಹೊಡದಾನಂದ್ರ ಪೆನಾಲ್ಟೀನ ಕೊಡ್ತೀನಿ. ಆಗ ಬಂದು ನಿಲ್ಲಬ್ಯಾಡ."

"ನಿಲ್ಲಂಗಿಲ್ಲ ಸರ್."

ಅಣ್ಣ ಮೈದಾನಕ್ಕೆ ಇಳಿದ. ನಾನು ಗೆರೆಯ ಹೊರಗೆ ನಿಂತು, ವಾದದಲ್ಲಿ ಇದಕ್ಕಿಂತ ದೊಡ್ಡ ಗೆಲುವು ಇನ್ನೊಂದಿಲ್ಲ ಎಂದುಕೊಂಡೆ. ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ.

ಕೊಟ್ಟೂರಿನ ಒಬ್ಬ ಗಿಡ್ಡ ಆಟಗಾರ ಚೆಂಡು ತಂದ. ಅಣ್ಣ ಅದನ್ನು ಕಿತ್ತ. ಕಾಲು ತಾಗಿತು, ಗಿಡ್ಡ ಉರುಳಿದ, ಕೊಟ್ಟೂರಿನ ಮಂದಿಯೆಲ್ಲ "ಪೆನಾಲ್ಟೀ!" ಎಂದು ಕೂಗಿದರು. ರೆಫ್ರಿ ಕೊಟ್ಟ ಮಾತಿನಂತೆ ಸೀಟಿ ಊದಲಿಲ್ಲ, "ಆಡ್ರಿ, ಆಡ್ರಿ" ಎಂದು ಕೈ ಬೀಸಿದರು. ಆಟ ನಿಂತಿರಲಿಲ್ಲ. ಆದರೆ ಅಣ್ಣ ನಿಂತಿದ್ದ, ಬಗ್ಗಿದ್ದ, ಕಣ್ಣು ಮುಚ್ಚಿ ಕೈ ಒತ್ತಿಕೊಳ್ಳುತ್ತಿದ್ದ. ಚೆಂಡು ಅವನ ಪಕ್ಕದಲ್ಲೇ ಉರುಳಿ ಇನ್ನೊಬ್ಬ ಕೊಟ್ಟೂರಿನವನ ಕಾಲಿಗೆ ಸಿಕ್ಕಿತು. ಗೋಲು!

ಕ್ಯಾಪ್ಟನ್ ಮೈದಾನದ ನಡುವಿನಿಂದಲೇ ಎರಡೂ ಕೈ ಮೇಲೆತ್ತಿ ನನ್ನ ಕಡೆ ಕೂಗಿದ. "ಡಿಬೇಟಕ್ಕಾ, ಗೆದ್ದಿ ನೋಡವ್ವಾ!"

ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಮುಟ್ಟಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ರೆಫ್ರಿಯನ್ನು ಒಪ್ಪಿಸಿದವಳಿಗೆ, ಮುಟ್ಟುತ್ತಿರುವಾಗ ಆಟ ಮುಂದೆ ಸಾಗುತ್ತದೆ ಎಂಬುದು ತಲೆಗೇ ಬಂದಿರಲಿಲ್ಲ. ಹರಪನಹಳ್ಳಿಯಲ್ಲಾದರೂ ಸೀಟಿ ಬಿದ್ದು ಆಟ ನಿಂತಿತ್ತು.

ಅರ್ಧ ಆಟದ ವಿರಾಮಕ್ಕೆ ಅಣ್ಣ ನೀರನ್ನೂ ಕುಡಿಯದೆ ಬೂಟಿನ ಲೇಸಿಗೆ ಕೈ ಹಾಕಿದ. ಕ್ಯಾಪ್ಟನ್ ಬೇರೊಬ್ಬನಿಗೆ ತಯಾರಾಗು ಎನ್ನುತ್ತಿದ್ದ. ನನಗೆ ಸಿಕ್ಕ ಹೊತ್ತು ಅಷ್ಟೇ. ಅಣ್ಣನ ಎದುರು ಕುಕ್ಕರಗಾಲಲ್ಲಿ ಕೂತೆ.

"ಲೇಸು ಬಿಡು. ಒಂದು ಕೇಳ್ತೀನಿ, ಉತ್ತರ ಹೇಳು. ಸಂತಿ ದಿವಸ ಬಸ್ಸಿನಾಗ ಕಾಲಿಡಾಕ ಜಾಗ ಇರಂಗಿಲ್ಲ. ಯಾರಿಗೋ ಕಾಲು ತಾಗತೈತಿ, ಬಗ್ಗಾಕ ಆಗಂಗಿಲ್ಲ. ಆಗ ಏನ್ ಮಾಡ್ತಿ?"

ಅವನು ಯೋಚಿಸಿದ. "ಅವ್ರ ಮುಖ ನೆನಪಿಟ್ಕಂತೀನಿ. ಮಂದಿ ಇಳದು ಜಾಗ ಆದಮ್ಯಾಲೆ ಮುಟ್ಟತೀನಿ."

"ತಡ ಆದ್ರ ನಡಿತೈತಾ?"

"ನಡಿತೈತಿ. ಬಗ್ಗಾಕ ಜಾಗ ಇರಂಗಿಲ್ಲಲ್ಲ."

"ಇಲ್ಲಿ ಬಗ್ಗಾಕ ಜಾಗ ಐತೇನು? ಆಟ ನಡಿಯೋವಾಗ ಈ ಮೈದಾನ ಸಂತಿ ಬಸ್ಸು. ಬಾಲ್ ಹೊರಗ ಹೋತು ಅಂದ್ರ ಮಂದಿ ಇಳಿದ್ರು ಅಂತ ತಿಳ್ಕೋ. ಆಗ ಮುಟ್ಟು."

ಅಣ್ಣ ನನ್ನ ಮುಖವನ್ನೇ ನೋಡಿದ. ನಂತರ ಕ್ಯಾಪ್ಟನ್ ಕಡೆ ತಿರುಗಿ, ನನಗೆ ನೆನಪಿದ್ದಂತೆ ಮೊದಲ ಸಲ ತನ್ನ ಪರವಾಗಿ ತಾನೇ ಮಾತಾಡಿದ. "ಇನ್ನ ಸ್ವಲ್ಪ ಹೊತ್ತು ಆಡ್ತೀನಿ. ಮತ್ತ ಬಗ್ಗಿದ್ರ ನಾನೇ ಹೊರಗ ಬರ್ತೀನಿ."

ಕ್ಯಾಪ್ಟನ್ ತಯಾರಾಗುತ್ತಿದ್ದವನಿಗೆ ಕೂತ್ಕೋ ಎಂದು ಸನ್ನೆ ಮಾಡಿದ.

ಉಳಿದ ಅರ್ಧವನ್ನು ನಾನು ನೋಡಿದ್ದು ಅಣ್ಣನ ಬಲಗೈಯನ್ನು. ಆಟದಲ್ಲಿ ಬೇರೇನಾಯಿತು ಎಂದರೆ, ನಮ್ಮ ಸೆಂಟರ್ ಫಾರ್ವರ್ಡ್ ಪಾಸ್ ಕೊಡದೆ ಒಬ್ಬನೇ ನುಗ್ಗಿ ಗೋಲು ಹೊಡೆದ. ಅವನನ್ನು ಬೈಯಲು ನನ್ನ ಬಳಿ ಇದ್ದ ಒಳ್ಳೆಯ ಆಧಾರ ಹೋಯಿತು. ಅಣ್ಣ ಚೆಂಡು ಕಿತ್ತಾಗಲೆಲ್ಲ ಆ ಕೈ ಸೊಂಟದವರೆಗೆ ಇಳಿದು, ಅಲ್ಲಿಂದ ತಿರುಗಿ ಮೇಲೆ ಬರುತ್ತಿತ್ತು. ಚೆಂಡು ಗೆರೆ ದಾಟಿದ ಕೂಡಲೇ ಓಡಿ ಹೋಗಿ ತಾಗಿದವರನ್ನು ಹುಡುಕಿ ಮುಟ್ಟಿ ಬರುತ್ತಿದ್ದ. ಕೊಟ್ಟೂರಿನವರು ಮೊದಮೊದಲು ಬೆಚ್ಚಿ ಹಿಂದೆ ಸರಿದರು, ಆಮೇಲೆ ತಾವೇ ನಿಂತು ಮುಟ್ಟಿಸಿಕೊಂಡರು. ಕೊನೆಗೆ ಆ ಗಿಡ್ಡ ಇನ್ನೊಮ್ಮೆ ನುಗ್ಗಿ ಬಂದ. ಮತ್ತೆ ಕಾಲಿಗೆ ಕಾಲು, ಮತ್ತೆ "ಪೆನಾಲ್ಟೀ!" ಎಂಬ ಕೂಗು. ಚೆಂಡು ಅಣ್ಣನ ಮುಂದೆಯೇ ಇತ್ತು. ಅವನು ಹಲ್ಲು ಕಚ್ಚಿ, ಬಗ್ಗದೆ, ಅದನ್ನು ಮೈದಾನದ ಆಚೆಯ ಜಾಲಿಗಿಡಗಳವರೆಗೆ ಒದ್ದ. ರೆಫ್ರಿ ಚೆಂಡನ್ನು ನೋಡಿ, ಗಡಿಯಾರ ನೋಡಿ, ಉದ್ದನೆಯ ಸೀಟಿ ಊದಿದರು. ಸಮ ಸಮ.

ನಮ್ಮವರು ಟೆಂಪೋ ಹತ್ತಿದರು. ಅಣ್ಣ ಹತ್ತಲಿಲ್ಲ. ಮೈದಾನದಲ್ಲಿ ಒಬ್ಬೊಬ್ಬ ಕೊಟ್ಟೂರಿನವನನ್ನೇ ಹುಡುಕಿ, ಬಗ್ಗಿ, ಮುಟ್ಟಿ ಬರುತ್ತಿದ್ದ. ಡ್ರೈವರ್ ಹಾರ್ನ್ ಒತ್ತಿದ.

"ಲೇ, ಇನ್ನಾ ಎಷ್ಟು ಮಂದಿ ಅದಾರಲೇ?" ಎಂದು ಕ್ಯಾಪ್ಟನ್ ಕಿಟಕಿಯಿಂದ ಕೂಗಿದ.

ಅಣ್ಣ ಏದುಸಿರು ಬಿಡುತ್ತಾ ಬಂದ. "ಎಲ್ಲಾ ಮುಗೀತು. ಆ ಗಿಡ್ಡನಾವ ಸಿಗವಲ್ಲ. ಕಡೀಗೆ ಅವಂಗ ಭಾಳ ಜೋರು ತಾಗೈತಿ. ಬಸ್ ಸ್ಟ್ಯಾಂಡ್ ಕಡೆ ಮಿರ್ಚಿ ಭಜಿ ತಿನ್ನಾಕ ಹೋಗ್ಯಾನಂತ."

"ಹೋಗ್ಲಿ ಬಿಡಲೇ! ಹಡಗಲಿ ಮ್ಯಾಚಿಗೆ ನೀನ ಸ್ಟಾಪರ್, ಆತಲ್ಲ? ಹತ್ತು ಇನ್ನ."

ಹಡಗಲಿಯ ಪಂದ್ಯದ ಮಾತು ಕೇಳಿ ಅಣ್ಣನ ಮುಖ ಅರಳಿತು. ಆದರೂ ಒಂದು ಕಾಲು ಟೆಂಪೋದ ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟುಕೊಂಡು ಹಾಗೇ ನಿಂತ.

ನಾನು ಮುಂದೆ ಹೋಗಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತೆ. "ಬಸ್ ಸ್ಟ್ಯಾಂಡ್ ಮ್ಯಾಲೆ ಹೊಡೀರಿ."

"ಅದು ಸುತ್ತು ಆಗತೈತವ್ವಾ."

"ಆಗ್ಲಿ" ಎಂದೆ.